ಅಪ್‌ಡೇಟ್: ಯುದ್ಧಕಾಲದ ಮೋಟಾರ್ ಲಾಂಚ್‌ಗಳು ಏನಾದವು?

ಬ್ರಿಟನ್ನಿನ ಎರಡನೇ ಮಹಾಯುದ್ಧದ ಫೇರ್‌ಮೈಲ್ ಬಿ ಲಾಂಚ್‌ಗಳಲ್ಲಿ (ನೌಕಾಪಡೆಯ ಸಣ್ಣ ಮರದ ದೋಣಿಗಳು) ಯಾವುದಾದರೂ ಉಳಿದಿದೆಯಾ, ಅದರಲ್ಲೂ ಆರ್‌ಎಂಎಲ್ 497 (ರಕ್ಷಣಾ ಕೆಲಸದ ಲಾಂಚ್) ಏನಾಯಿತು ಅಂತ ಇಲ್ಲಿ ನಿಮ್ಮನ್ನು ಕೇಳಿದ್ದೆ. ಸಿಕ್ಕಿತು!

ನೌಕಾಪಡೆಯ ಹಳೇ ಪಟ್ಟಿಗಳನ್ನು ನೋಡಿ ಅಂದಿದ್ದಿರಿ. ಅದರಿಂದ ಜಾಸ್ತಿ ಉಪಯೋಗ ಆಗಲಿಲ್ಲ. ಯುದ್ಧ ಮುಗಿದು ದೋಣಿ ಮಾರಾಟವಾದ ಮೇಲೆ ಆ ನಂಬರ್ ಯಾರಿಗೆ ಬೇಕು, ಅಲ್ವಾ? ಕೈಹಿಡಿದದ್ದು "ಮಾರಿದ ಮೇಲೆ ಫೆರ್ರಿ (ಪ್ರಯಾಣಿಕರ ದೋಣಿ) ಆಗಿ ಇಟ್ಟ ಹೆಸರಲ್ಲಿ ಹುಡುಕಿ" ಅನ್ನುವ ಸಲಹೆ. ಕೊಟ್ಟವರಿಗೆ ದೊಡ್ಡ ಥ್ಯಾಂಕ್ಸ್. ನಮ್ಮ 497 ಇಂಗ್ಲೆಂಡಿನ ಟಾರ್ಕಿ ಊರಿನ ಕಡೆ 'ವೆಸ್ಟರ್ನ್ ಲೇಡಿ III' ಅನ್ನುವ ಹೆಸರಿನಲ್ಲಿ ಪ್ರವಾಸಿಗರನ್ನು ಹೊತ್ತು ತಿರುಗುತ್ತಿತ್ತು. 2015ರಲ್ಲಿ ಬ್ರಿಟನ್ನಿನ ನ್ಯಾಷನಲ್ ಮ್ಯೂಸಿಯಂ ಆಫ್ ದಿ ರಾಯಲ್ ನೇವಿ ಕೊಂಡಿತು. ಈಗ ಅವರ ಹಾರ್ಟಲ್‌ಪೂಲ್ ಮ್ಯೂಸಿಯಂನಲ್ಲಿದೆ.

ನನಗೆ ಆಶ್ಚರ್ಯವಾದದ್ದು ಕಟ್ಟಿದ ರೀತಿ. 112 ಅಡಿ ಉದ್ದದ ದೋಣಿ. ಪ್ಲೈವುಡ್ ಚೌಕಟ್ಟುಗಳನ್ನು ಮೊದಲೇ ಕತ್ತರಿಸಿ ಕಿಟ್‌ನಂತೆ ಕಳಿಸುತ್ತಿದ್ದರು. ಸಣ್ಣ ಯಾರ್ಡ್‌ಗಳಲ್ಲಿ ಅವನ್ನು ನಿಲ್ಲಿಸಿ, ಮೇಲೆ ಮಹಾಗನಿ ಹಲಗೆಗಳನ್ನು ಓರೆಯಾಗಿ ಎರಡು ಪದರ ಹೊದಿಸುತ್ತಿದ್ದರು. ಒಳಗೆ ಎರಡು ಹಾಲ್-ಸ್ಕಾಟ್ ಪೆಟ್ರೋಲ್ ಎಂಜಿನ್. ಮರದ ದೋಣಿ, ತುಂಬಾ ಪೆಟ್ರೋಲ್, ಎದುರಿಗೆ ಶತ್ರು. ಎಂಥಾ ಧೈರ್ಯ ಮಾರಾಯ್ರೇ!

ಹುಡುಕುವಾಗ ಸಣ್ಣ ಜಾತಿಯ, 72 ಅಡಿಯ ಎಚ್‌ಡಿಎಂಎಲ್‌ಗಳೂ (ಬಂದರು ಕಾಯುವ ಲಾಂಚ್‌ಗಳು) ಸಿಕ್ಕವು. 1943ರಲ್ಲಿ ಇಂಗ್ಲೆಂಡಿನ ಪೂಲ್ ಪಟ್ಟಣದಲ್ಲಿ ಕಟ್ಟಿದ 1387 ನಂಬರಿನದು, ಅಂದರೆ 'ಮೆಡ್ಯೂಸಾ', ಅಲ್ಲಿನದೇ ಗಾಸ್‌ಪೋರ್ಟ್‌ನಲ್ಲಿ ಈಗಲೂ ತೇಲುತ್ತಿದೆ. ಆಸ್ಟ್ರೇಲಿಯಾದ 1321 ಮಾತ್ರ 2016ರಲ್ಲಿ ಡಾರ್ವಿನ್‌ನಲ್ಲಿ ಮುಳುಗಿತ್ತು, ಆಮೇಲೆ ಮೇಲೆತ್ತಿದರು.

ಹುಡುಕುವವರು ನ್ಯಾಷನಲ್ ಹಿಸ್ಟಾರಿಕ್ ಶಿಪ್ಸ್ ಯುಕೆ (ಬ್ರಿಟನ್ನಿನ ಹಳೇ ಹಡಗುಗಳ ದಾಖಲೆ ಇಡುವ ಸಂಸ್ಥೆ) ಪಟ್ಟಿಯಿಂದಲೇ ಶುರು ಮಾಡಿ. ಸುಮ್ನೆ ನಂಬರ್ ಹಿಡಿದು ಕೂರಬೇಡಿ.