ದಾಖಲೆಯಲ್ಲಿ ‘ನಿಲಂ’ (ಗದ್ದೆ) ಎಂದು ಇರುವ 8 ಸೆಂಟ್ಸ್‌ನಲ್ಲಿ ಲೈಫ್ ಮನೆ ಕಟ್ಟಬಹುದೇ?

ಪ್ರಶ್ನೆ: ಕೇರಳದ ಕಾಸರಗೋಡಿನ ಮಧೂರು ಪಂಚಾಯತ್‌ನಲ್ಲಿ 8 ಸೆಂಟ್ಸ್ ಜಾಗ. ಬೇರೆ ಜಾಗ ಇಲ್ಲ. ಕೇರಳ ಸರಕಾರದ ವಸತಿ ಯೋಜನೆ ಲೈಫ್ ಮಿಷನ್‌ನ 4 ಲಕ್ಷ ಸಿಗುವ ಪಟ್ಟಿಯಲ್ಲಿ ಹೆಸರಿದೆ, ಆದರೆ ಬಿಟಿಆರ್‌ನಲ್ಲಿ (ಗ್ರಾಮ ಕಚೇರಿಯ ಮೂಲ ತೆರಿಗೆ ದಾಖಲೆ) ‘ನಿಲಂ’ ಎಂದಿದೆ. ಮೊದಲು ಎಲ್ಲಿಗೆ ಹೋಗಬೇಕು?

ಉತ್ತರ 1: ಮೊದಲು ಕೃಷಿಭವನಕ್ಕೆ. ಸರ್ವೆ ನಂಬರ್ ಡೇಟಾ ಬ್ಯಾಂಕ್‌ನಲ್ಲಿ (ಗದ್ದೆ, ಜೌಗು ಜಾಗಗಳ ಸರಕಾರಿ ಪಟ್ಟಿ) ಇದೆಯೇ ನೋಡಿ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಗದ್ದೆ ಸಂರಕ್ಷಣಾ ಕಾಯಿದೆ ಬಂದ 2008ರ ಮೊದಲೇ ಮಣ್ಣು ತುಂಬಿದ ಜಾಗ ತಪ್ಪಿ ಅದರಲ್ಲಿ ಸೇರಿದ್ದರೆ, ತೆಗೆಸಲು ಆರ್‌ಡಿಒಗೆ (ಕಂದಾಯ ವಿಭಾಗಾಧಿಕಾರಿ) ಫಾರಂ 5 ಕೊಡಿ. ಹಳೇ ತೆಂಗು, ಕಂಗು ಇದ್ದರೆ ಫೋಟೋ ಇಡಿ. ಸಂಶಯ ಬಂದರೆ ಉಪಗ್ರಹ ಚಿತ್ರ ತರಿಸಿ ನೋಡುತ್ತಾರೆ. ನಿಜವಾದ ಗದ್ದೆಯಾದರೂ ದಾರಿ ಮುಚ್ಚಿಲ್ಲ: ಬೇರೆ ಜಾಗವಿಲ್ಲದವರಿಗೆ ವಾಸದ ಮನೆಗೆ ಪಂಚಾಯತ್‌ನಲ್ಲಿ 10, ನಗರಸಭೆಯಲ್ಲಿ 5 ಸೆಂಟ್ಸ್ ವರೆಗೆ ಜಿಲ್ಲಾ ಸಮಿತಿ ಅನುಮತಿ ಕೊಡಬಹುದು.

ಉತ್ತರ 2: ಡೇಟಾ ಬ್ಯಾಂಕ್‌ನಲ್ಲಿ ಇಲ್ಲದಿದ್ದರೆ ಸುಲಭ. 10 ಸೆಂಟ್ಸ್ ಒಳಗೆ 120 ಚದರ ಮೀಟರ್ ಮನೆಗೆ ಭೂಮಿಯ ಸ್ವಭಾವ ಬದಲಾವಣೆಯ (ಗದ್ದೆಯನ್ನು ಬೇರೆ ಉಪಯೋಗಕ್ಕೆ ಬದಲಿಸುವ) ಅನುಮತಿ ಬೇಡ, ಕಟ್ಟಡ ಪರ್ಮಿಟ್ ಮಾತ್ರ ಸಾಕು. ದಾಖಲೆಯನ್ನೇ ತಿದ್ದಿಸುವುದಾದರೆ ಫಾರಂ 6. 25 ಸೆಂಟ್ಸ್ ವರೆಗೆ ಶುಲ್ಕವಿಲ್ಲ. ಆದರೆ 2017 ಡಿಸೆಂಬರ್ 30ರ ನಂತರ ದೊಡ್ಡ ಜಾಗದಿಂದ ತುಂಡಾದದ್ದಾದರೆ ಆ ರಿಯಾಯಿತಿ ಸಿಗುವುದಿಲ್ಲ. ಎಷ್ಟೋ ಬಡವರು ಸಿಕ್ಕಿಬೀಳುವುದು ಇಲ್ಲೇ, ಜಾಗದ ಹಳೇ ಆಧಾರ (ನೋಂದಣಿ ಪತ್ರ) ತೆಗೆದು ನೋಡಿ.

ಉತ್ತರ 3: ಬೈಲಿನ ತೋಡಿಗೆ ಮಾತ್ರ ಮಣ್ಣು ಹಾಕಬೇಡಿ. ಜೂನ್‌ನಲ್ಲಿ ಆ ನೀರು ನೆರೆಮನೆಗೇ ನುಗ್ಗುತ್ತದೆ. ಮನೆಯ ಮುರಕಲ್ಲಿನ ಪಂಚಾಂಗ (ಅಡಿಪಾಯ) ಎತ್ತರಿಸಿ ಕಟ್ಟಿ.