ಕೊಲೊರಾಡೊದಲ್ಲಿ ಬಿಲ್ಲಿನಿಂದ ಎಲ್ಕ್ ಬೇಟೆ: ಬೆಳಗಾವಿಯ ಮಳೆಗಾಲದಲ್ಲಿ ತಯಾರಿ ಹೇಗೆ?

ತಿಲಕವಾಡಿಯವ (ಪ್ರಶ್ನೆ)

ಎಲ್ಲರಿಗೂ ಶರಣು. ಬೆಳಗಾವಿಯ ತಿಲಕವಾಡಿಯಲ್ಲಿ ಹುಟ್ಟಿ ಬೆಳೆದ ನಾನು ಬಹುಕಾಲದಿಂದ ಡೆನ್ವರಿನಲ್ಲಿ ನೆಲೆಸಿದ್ದೇನೆ. ಕೊಲೊರಾಡೊ ರಾಜ್ಯದ ವಾಯವ್ಯ ಮೂಲೆಯ 201ನೆಯ ಬೇಟೆ ಘಟಕದಲ್ಲಿ ಬಿಲ್ಲಿನಿಂದ ಎಲ್ಕ್ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ಬೇಟೆಯಾಡುವ ಟ್ಯಾಗ್, ಅಂದರೆ ಒಂದು ಪ್ರಾಣಿಯ ಪರವಾನಗಿ, ಈ ವರ್ಷದ ಡ್ರಾದಲ್ಲಿ ನನಗೆ ಬಂದಿದೆ. 2, 10 ಮತ್ತು 201ನೆಯ ಘಟಕಗಳಿಗಾಗಿ ಜನ ಡ್ರಾದಲ್ಲಿ ಆದ್ಯತೆ ಕೊಡುವ ಪಾಯಿಂಟುಗಳನ್ನು ವರ್ಷಕ್ಕೊಂದರಂತೆ ಕೂಡಿಸುತ್ತ ದಶಕಗಟ್ಟಲೆ ಕಾಯುತ್ತಾರೆಂಬುದು ಬಲ್ಲವರಿಗೆ ಗೊತ್ತು. ನನ್ನ ಆಯುಷ್ಯದಲ್ಲಿ ಇದು ಮತ್ತೊಮ್ಮೆ ಬರುವ ನಂಬಿಕೆಯಿಲ್ಲ.

ಬಿಲ್ಲುಬೇಟೆಯ ಅವಧಿ ಸೆಪ್ಟೆಂಬರ್ 2ರಿಂದ 30ರವರೆಗೆ. ಆದರೆ ತಾಯಿಯವರ ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಜುಲೈ ತಿಂಗಳಿಡೀ ನಾನು ಊರಿನಲ್ಲೇ ಇರಬೇಕಾಗಿದೆ. ಕಾಂಪೌಂಡ್ ಬಿಲ್ಲು ಡೆನ್ವರಿನ ಮನೆಯಲ್ಲಿದೆ. ಇದುವರೆಗೆ ಜಿಂಕೆ ಬೇಟೆಯಾಡಿದ್ದೇನೆಯೇ ಹೊರತು ಎಲ್ಕ್‌ನಷ್ಟು ದೊಡ್ಡ ಪ್ರಾಣಿಗೆ ಬಾಣ ಬಿಟ್ಟಿಲ್ಲ. ಬಿಲ್ಲಿನ ಎಳೆತವನ್ನು (ದಾರ ಎಳೆಯಲು ಬೇಕಾದ ಬಲವನ್ನು) 65 ಪೌಂಡಿನಿಂದ 75ಕ್ಕೆ ಏರಿಸಬೇಕೇ? ಎಡೆಬಿಡದೆ ಮಳೆ ಸುರಿಯುವ ಈ ಊರಿನಲ್ಲಿ, ಕೈಯಲ್ಲಿ ಬಿಲ್ಲೂ ಇಲ್ಲದೆ, ಒಂದು ತಿಂಗಳು ಅಭ್ಯಾಸವನ್ನು ಉಳಿಸಿಕೊಳ್ಳುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಗುರಿಕಾರ, ಬೆಳಗಾವಿ

ಸರ್, ನಾನು ಮಕ್ಕಳಿಗೆ ಬಿಲ್ಲುಗಾರಿಕೆ ಕಲಿಸುವವನು. ಬೇಟೆಯ ಅನುಭವ ನನಗಿಲ್ಲ. ಆದ್ದರಿಂದ ದೇಹ ಮತ್ತು ಬಿಲ್ಲಿನ ಮಾತಷ್ಟನ್ನೇ ಹೇಳುತ್ತೇನೆ.

ಎಳೆತ ಏರಿಸಬೇಡಿ. ಕೊಲೊರಾಡೊದ ನಿಯಮ ಕೇಳುವುದು ಕನಿಷ್ಠ 35 ಪೌಂಡ್; ನಿಮ್ಮ 65 ಧಾರಾಳವಾಯಿತು. ಚಳಿಯಲ್ಲಿ, ಮೊಣಕಾಲೂರಿ ಕುಳಿತು, ಬಿಲ್ಲನ್ನು ಆಕಾಶಕ್ಕೆ ಎತ್ತದೆ ನೇರವಾಗಿ ಎಳೆಯಲು ಆಗದಷ್ಟು ಭಾರ ಯಾರ ಕೆಲಸಕ್ಕೂ ಬರುವುದಿಲ್ಲ.

ಇಲ್ಲಿ ಸ್ನೇಹಿತರ ಬಿಲ್ಲನ್ನು ಎರವಲು ಪಡೆಯುವ ಆಸೆಯನ್ನೂ ಬಿಟ್ಟುಬಿಡಿ. ಎಳೆತದ ಉದ್ದ ಅರ್ಧ ಇಂಚು ವ್ಯತ್ಯಾಸವಾದರೂ ದವಡೆಯ ಕೆಳಗೆ ಕೈ ಬಂದು ನಿಲ್ಲುವ ಜಾಗ ಬದಲಾಗುತ್ತದೆ, ಆ ಹೊಸ ಅಭ್ಯಾಸವನ್ನು ಆಗಸ್ಟಿನಲ್ಲಿ ಬಿಡಿಸಿಕೊಳ್ಳುವುದು ಕಲಿಯುವುದಕ್ಕಿಂತ ಕಷ್ಟ. ಅದರ ಬದಲು ವ್ಯಾಯಾಮದ ರಬ್ಬರ್ ಪಟ್ಟಿಯನ್ನು ಕನ್ನಡಿಯ ಮುಂದೆ ನಿಂತು, ಬೆನ್ನಿನ ಸ್ನಾಯುಗಳಿಂದಲೇ ನಿಧಾನವಾಗಿ ಎಳೆದು, ಅರ್ಧ ನಿಮಿಷ ಹಿಡಿದು, ಅಷ್ಟೇ ನಿಧಾನವಾಗಿ ಬಿಡಿ. ಎದುರಿನ ಪ್ರಾಣಿ ಮರದ ಹಿಂದೆ ನಿಂತುಬಿಟ್ಟಾಗ ಎಳೆದ ಬಿಲ್ಲನ್ನು ಹಿಡಿದೇ ಕಾಯಬೇಕಾದೀತಲ್ಲ, ಆಗ ಈ ಹಿಡಿತ ನೆರವಾಗುತ್ತದೆ.

ಕಾಲಿಗೆ ಯಳ್ಳೂರಿನ ರಾಜಹಂಸಗಡವಿದೆ. ಬೆನ್ನಚೀಲದಲ್ಲಿ ಇಪ್ಪತ್ತು ಕಿಲೋ ಜೋಳ ಹಾಕಿಕೊಂಡು ಹತ್ತಿ ಇಳಿಯಿರಿ. ಮಳೆಯಲ್ಲಿ ಕಲ್ಲು ಪಾಚಿಗಟ್ಟಿರುತ್ತದೆ, ಇಳಿಯುವಾಗ ಅವಸರ ಬೇಡ.

ಮುಧೋಳದ ಮಂಜುನಾಥ, ಫೋರ್ಟ್ ಕಾಲಿನ್ಸ್

ಮೇಲೆ ಗುರುಗಳು ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ನೀವು ಬೇಟೆಯಾಡುವ ಕೋಲ್ಡ್ ಸ್ಪ್ರಿಂಗ್ ಬೆಟ್ಟದ ಮೇಲ್ಭಾಗ 2,500 ಮೀಟರಿನ ಆಸುಪಾಸಿನದು. ಡೆನ್ವರಿಗೆ ಮರಳಿದ ಮೇಲೆ ಆಗಸ್ಟ್ ತಿಂಗಳ ವಾರಾಂತ್ಯಗಳನ್ನು ಎತ್ತರದಲ್ಲೇ ಕಳೆಯಿರಿ.

ಬಾಣದ ಒಟ್ಟು ತೂಕ 450ರಿಂದ 500 ಗ್ರೇನ್, ಅಂದರೆ ಸುಮಾರು 30 ಗ್ರಾಂ ಇರಲಿ. ಬ್ರಾಡ್‌ಹೆಡ್ (ಬೇಟೆಯ ಬಾಣದ ಅಲಗಿನ ಮೊನೆ) ಕನಿಷ್ಠ ಮುಕ್ಕಾಲು ಇಂಚಿಗಿಂತ ತುಸು ಹೆಚ್ಚು, ಎಂಟರಲ್ಲಿ ಏಳು ಭಾಗ ಇಂಚು ಅಗಲವಿರಬೇಕೆಂಬುದು ಕಾನೂನು. ಅಭ್ಯಾಸದ ಮೊನೆ ಬೀಳುವ ಜಾಗದಲ್ಲೇ ಬ್ರಾಡ್‌ಹೆಡ್ ಕೂಡ ಬೀಳುತ್ತದೆಂದು ನಂಬಬೇಡಿ. ಆಗಸ್ಟಿನಲ್ಲೇ ಬೇಟೆಯ ಬಾಣವನ್ನೇ ಬಿಟ್ಟು ಬಿಲ್ಲನ್ನು ಹೊಂದಿಸಿಕೊಳ್ಳಿ. ಬೆಳಿಗ್ಗೆ ಎದ್ದು, ಮೈ ಬಿಸಿಯಾಗುವ ಮೊದಲು, ಒಂದೇ ಬಾಣ ಬಿಟ್ಟು ಅದು ಎಲ್ಲಿ ಬಿತ್ತೆಂದು ಬರೆದಿಡುವುದು ನಾನು ಕಂಡ ಅತ್ಯುತ್ತಮ ಅಭ್ಯಾಸ, ಏಕೆಂದರೆ ಕಾಡಿನಲ್ಲಿ ಸಿಗುವುದು ಆ ಮೊದಲ ಬಾಣವೊಂದೇ. ಓಡಿ ಬಂದು ಏದುಸಿರು ಬಿಡುತ್ತಿರುವಾಗಲೂ ಊಟದ ತಟ್ಟೆಯಷ್ಟು ಜಾಗದಲ್ಲಿ ಎಲ್ಲ ಬಾಣಗಳನ್ನು ಎಷ್ಟು ದೂರದಿಂದ ಕೂರಿಸಬಲ್ಲಿರೋ ಅದೇ ನಿಮ್ಮ ಮಿತಿ. ಅದು 35 ಗಜವಾದರೆ 40 ಗಜದಲ್ಲಿ ನಿಂತ ಹೋರಿಯನ್ನು (ಗಂಡು ಎಲ್ಕನ್ನು), ಅದು ಎಂಥದ್ದೇ ಆಗಿರಲಿ, ಬಿಟ್ಟುಬಿಡಬೇಕು. ಟ್ಯಾಗ್ ಅಪರೂಪದ್ದೆಂಬ ಕಾರಣಕ್ಕೆ ಆ ಮಿತಿ ಒಂದು ಗಜವೂ ಹಿಗ್ಗುವುದಿಲ್ಲ.

ಎಲ್ಕ್ ಕಣ್ಣನ್ನು ಮೋಸಗೊಳಿಸಬಹುದು, ಕಿವಿಯನ್ನೂ ಮೋಸಗೊಳಿಸಬಹುದು, ಮೂಗನ್ನು ಆಗುವುದಿಲ್ಲ. ಬೆಟ್ಟದಲ್ಲಿ ಬೆಳಗಿನ ತಂಪಿಗೆ ಗಾಳಿ ಕಣಿವೆಗೆ ಇಳಿಯುತ್ತದೆ, ಬಿಸಿಲೇರಿದಂತೆ ಇಳಿಜಾರಿನಗುಂಟ ಮೇಲೇರುತ್ತದೆ, ಸಂಜೆ ಮತ್ತೆ ಇಳಿಯುತ್ತದೆ. ಮುಂಜಾನೆ ಕೆಳಗಿನಿಂದ ಸಮೀಪಿಸಿದವನು ಹತ್ತು ಗಂಟೆಯ ಹೊತ್ತಿಗೆ ಅದೇ ಜಾಗದಲ್ಲಿ ಕುಳಿತಿದ್ದರೆ ಅವನ ಮೈವಾಸನೆ ನೇರವಾಗಿ ಪ್ರಾಣಿಯ ಮೂಗಿಗೇ ಹೋಗುತ್ತದೆ. ಗಾಳಿ ತೋರಿಸುವ ಪುಡಿಯ ಡಬ್ಬಿಯನ್ನು ಕೊರಳಿಗೇ ಕಟ್ಟಿಕೊಳ್ಳಿ.

ಪಕ್ಕೆ ಪೂರ್ತಿ ಕಾಣುವಂತೆ ನಿಂತಾಗ ಅಥವಾ ತುಸು ಆಚೆಗೆ ಮುಖ ತಿರುಗಿಸಿದ್ದಾಗ ಮಾತ್ರ ಬಾಣ ಬಿಡಿ. ಬಿಟ್ಟ ಮೇಲೆ ಕುಳಿತುಕೊಳ್ಳಿ. ನೊರೆಗೂಡಿದ ತಿಳಿಗೆಂಪು ರಕ್ತ ಕಂಡರೆ ಶ್ವಾಸಕೋಶಕ್ಕೆ ತಗುಲಿದೆ, ಒಂದು ಗಂಟೆ ಕಾದರೆ ಸಾಕು. ಹಸಿರು ಬೆರೆತು ವಾಸನೆ ಬಂದರೆ ಹೊಟ್ಟೆಗೆ ಬಿದ್ದಿದೆ, ಆಗ ಆರು ಗಂಟೆಗಿಂತ ಮೊದಲು ಬೆನ್ನು ಹತ್ತಬಾರದು. ಮುಧೋಳ ನಾಯಿಯನ್ನು ಜೊತೆಗೆ ಒಯ್ಯುವುದಿಲ್ಲವೇ ಎಂದು ಊರಿನವರು ನನ್ನನ್ನು ಕೇಳುವುದುಂಟು. ಎಲ್ಕ್ ಬೇಟೆಗೆ ನಾಯಿ ಬಿಡುವುದು ಅಲ್ಲಿ ಅಪರಾಧ.

ಓದುಗ, ವಿಜಯಪುರ

ಕ್ಷಮಿಸಿ, ಒಂದು ಆಕ್ಷೇಪ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮಲ್ಲಿ ಬೇಟೆಯನ್ನು ನಿಷೇಧಿಸಿದೆ. ಕೃಷ್ಣಮೃಗ ಕಂಡರೆ ಕೈಮುಗಿಯಬೇಕಾದ ಕಾಲದಲ್ಲಿ, ಬೇರೆ ದೇಶದ್ದಾದರೂ ಸರಿ, ಇಂಥ ಚರ್ಚೆ ಕನ್ನಡದಲ್ಲಿ ಬೇಕೇ?

ಮುಧೋಳದ ಮಂಜುನಾಥ, ಫೋರ್ಟ್ ಕಾಲಿನ್ಸ್

ಸರ್, ನಿಮ್ಮ ಆಕ್ಷೇಪವನ್ನು ಗೌರವಿಸುತ್ತೇನೆ, ಊರಿನ ಕಾಡಿಗೆ ಈ ಮಾತುಗಳಾವುವೂ ಅನ್ವಯಿಸಬಾರದೆಂಬುದನ್ನೂ ಒಪ್ಪುತ್ತೇನೆ. ಆದರೆ ಕೊಲೊರಾಡೊದ ಲೆಕ್ಕ ಬೇರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿತಿಯಿಲ್ಲದ ಬೇಟೆಯಿಂದ ಎಲ್ಕ್ ಅಲ್ಲಿ ಬಹುತೇಕ ಅಳಿದುಹೋಗಿ, ವಯೋಮಿಂಗ್‌ನಿಂದ ತಂದು ಬಿಡಬೇಕಾಯಿತು. ಇಂದು ಸುಮಾರು 2,80,000 ಇವೆ. ಘಟಕವಾರು ಟ್ಯಾಗುಗಳ ಸಂಖ್ಯೆಯನ್ನು ಗಣತಿ ನೋಡಿ ಇಲಾಖೆಯೇ ನಿಗದಿಪಡಿಸುತ್ತದೆ. ಆ ಇಲಾಖೆಯ ವನ್ಯಜೀವಿ ಕೆಲಸ ನಡೆಯುವುದೂ ಬಹುಪಾಲು ಪರವಾನಗಿಯ ಹಣದಿಂದ.

ತಿಲಕವಾಡಿಯವ

ಇಬ್ಬರಿಗೂ ಕೃತಜ್ಞತೆಗಳು. ಎಳೆತ 65ರಲ್ಲೇ ಇರಲಿದೆ. ಇನ್ನೊಂದೇ ಪ್ರಶ್ನೆ: ನಾನು ಒಬ್ಬನೇ ಹೋಗುವ ಯೋಚನೆಯಲ್ಲಿದ್ದೇನೆ. ಸರಿಯೇ?

ಮುಧೋಳದ ಮಂಜುನಾಥ, ಫೋರ್ಟ್ ಕಾಲಿನ್ಸ್

ಬೇಡ ಅಣ್ಣಾ. ಮೊದಲ ಕಾರಣ, ಎಲ್ಕ್‌ನ ದನಿಯನ್ನು ಅನುಕರಿಸುವ ಕೂಗು. ಸೆಪ್ಟೆಂಬರ್ ಮಧ್ಯದ ನಂತರ ಬೆದೆಯ ಕಾಲದಲ್ಲಿ ಹೋರಿಗಳು ಕೂಗಿಗೆ ಓಗೊಡುತ್ತವೆ, ಆದರೆ ಬರುವಾಗ ಕೂಗಿದ ಜಾಗವನ್ನು ಸುತ್ತುಹಾಕಿ ಗಾಳಿ ಹಿಡಿಯಲು ನೋಡುತ್ತವೆ. ಜೊತೆಗಾರ ನಿಮಗಿಂತ ನಲವತ್ತೈವತ್ತು ಗಜ ಹಿಂದೆ ಕುಳಿತು ಕೂಗಿದರೆ, ಆ ಸುತ್ತುದಾರಿ ನಿಮ್ಮ ಮುಂದೆಯೇ ಹಾದುಹೋಗುತ್ತದೆ.

ಎರಡನೆಯದು ಮಾಂಸ. ಮುನ್ನೂರು ಕಿಲೋ ಮೀರಿದ ಪ್ರಾಣಿಯಿಂದ ಎಲುಬು ಬಿಡಿಸಿದ ಮೇಲೂ ನೂರು ಕಿಲೋದಷ್ಟು ಮಾಂಸ ಬರುತ್ತದೆ; ತಿನ್ನಲು ಬರುವುದನ್ನು ಕಾಡಿನಲ್ಲಿ ಬಿಟ್ಟು ಬಂದರೆ ಶಿಕ್ಷೆಯಿದೆ. ಸೆಪ್ಟೆಂಬರಿನ ಮಧ್ಯಾಹ್ನಗಳು ಬೆಚ್ಚಗಿರುತ್ತವೆ, ಆದ್ದರಿಂದ ಚರ್ಮವನ್ನು ತಕ್ಷಣ ಸುಲಿದು, ತೊಡೆಗಳನ್ನು ಬಟ್ಟೆಯ ಚೀಲದಲ್ಲಿಟ್ಟು ನೆರಳಿಗೆ ತೂಗುಹಾಕಬೇಕು. ಹಿಂದೊಡೆಯ ಹತ್ತಿರದ ಎಲುಬಿನ ಪಕ್ಕದಲ್ಲೇ ಮಾಂಸ ಮೊದಲು ಕೆಡುತ್ತದೆ. ಒಬ್ಬನೇ ನಾಲ್ಕೈದು ಸಲ ಹೊತ್ತು ತಿರುಗುವಷ್ಟರಲ್ಲಿ ಕೊನೆಯ ಚೀಲ ಹಳಸಿರುತ್ತದೆ.

ತಲೆಯ ಮಾದರಿಯನ್ನು ಸಿಡಬ್ಲ್ಯೂಡಿ (ಜಿಂಕೆ ಜಾತಿಯ ಪ್ರಾಣಿಗಳನ್ನು ಸೊರಗಿಸಿ ಕೊಲ್ಲುವ ಮಿದುಳಿನ ರೋಗ) ಪರೀಕ್ಷೆಗೆ ಕೊಡುವುದನ್ನು ಮರೆಯಬೇಡಿ; ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿಟ್ಟಿರಿ. ಜೊತೆಗೆ ಬರುವವರು ಯಾರೂ ಸಿಗದಿದ್ದರೆ ಇಲ್ಲೇ ಬರೆಯಿರಿ, ಮೂರನೆಯ ವಾರ ನನಗೆ ರಜೆಯಿದೆ.