ಆನ್‌ಲೈನ್ ವೋಟಿಂಗ್‌ನಲ್ಲಿ ಯಾರು ಯಾರಿಗೆ ಹಾಕಿದರು ಅಂತ ನನಗೆ ಗೊತ್ತಾಗಿಬಿಟ್ಟಿದೆ, ಈಗೇನು ಮಾಡಲಿ?

ಪ್ರಶ್ನೆ

ನಮ್ಮದು 412 ಸದಸ್ಯರ ಸಂಘ. ಎರಡು ವರ್ಷಕ್ಕೊಮ್ಮೆ ಕಮಿಟಿ ಚುನಾವಣೆ. ಇಷ್ಟು ದಿನ ಚೀಟಿ, ಡಬ್ಬ, ಎಣಿಕೆ. ಈ ಸಲ ‘ಫೋನ್‌ನಲ್ಲೇ ಮುಗಿಸೋಣ’ ಅಂತ ಎಲ್ಲರೂ ಹಟ ಹಿಡಿದರು. ಚುನಾವಣೆ ನಡೆಸುವ ಕೆಲಸ ನನ್ನ ತಲೆಗೆ ಬಂತು. ಒಂದು ಕಂಪನಿಯ ಆ್ಯಪ್ ತೆಗೆದುಕೊಂಡೆವು. ಸದಸ್ಯತ್ವದ ನಂಬರ್ ಹಾಕಿ, ಒಟಿಪಿ ಹಾಕಿ, ಹೆಸರು ಒತ್ತಿದರೆ ಆಯ್ತು.

ಹಿಂದಿನ ಸಲ 260 ಜನ ಬಂದಿದ್ದರು, ಈ ಸಲ 387. ಎಲ್ಲರಿಗೂ ಖುಷಿ. ಅಧ್ಯಕ್ಷ ಸ್ಥಾನದ ಫಲಿತಾಂಶ 197–190. ಸೋತವರು ಗಲಾಟೆ ಏನೂ ಮಾಡಲಿಲ್ಲ. ‘ಇನ್ನೊಂದು ಸಲ ಎಣಿಸಿ ತೋರಿಸ್ತೀರಾ?’ ಅಂದರು, ಅಷ್ಟೇ. ಏನನ್ನು ಎಣಿಸೋದು? ನನ್ನ ಹತ್ತಿರ ಇದ್ದದ್ದು ಒಂದು ಪುಟದ ಪಿಡಿಎಫ್. ಕಂಪನಿಗೆ ಫೋನ್ ಮಾಡಿದೆ. ಸಂಜೆಯೊಳಗೆ ಅದೇ ಪಿಡಿಎಫ್ ಮತ್ತೆ ಬಂತು. ಬದಲಾಗಿದ್ದು ತಾರೀಖು ಮಾತ್ರ.

ಬಿಡದೆ ಪೂರ್ತಿ ವಿವರ ಕೇಳಿದೆ. ಎರಡು ಎಕ್ಸೆಲ್ ಫೈಲ್ ಕಳಿಸಿದರು. ಒಂದರಲ್ಲಿ ಯಾವ ಸದಸ್ಯರು ಎಷ್ಟು ಹೊತ್ತಿಗೆ ಮತ ಹಾಕಿದರು ಅಂತ. ಇನ್ನೊಂದರಲ್ಲಿ ಬರೀ ಮತಗಳು, ಹಾಕಿದವರ ಹೆಸರಿಲ್ಲ. ಆದರೆ ಅಲ್ಲೂ ಸಮಯ ಇತ್ತು, ಸೆಕೆಂಡು ಸಮೇತ. ಎರಡನ್ನೂ ಅಕ್ಕಪಕ್ಕ ಇಟ್ಟೆ. ಎಲ್ಲರಿಗಿಂತ ಮೊದಲು ಹಾಕಿದವಳು ನಾನೇ. ಈ ಕಡೆ ಮೊದಲ ಸಾಲು 09:02:41, ನನ್ನ ನಂಬರ್. ಆ ಕಡೆಯೂ 09:02:41, ನಾನು ಒತ್ತಿದ ಹೆಸರು.

ಅಲ್ಲಿಗೇ ಮುಚ್ಚಬೇಕಿತ್ತು. ಐದಾರು ಸಾಲು ಕೆಳಗಿಳಿದೆ. ಸೋತವರ ಪರವಾಗಿ ತಿಂಗಳುಗಟ್ಟಲೆ ಓಡಾಡಿದವರೊಬ್ಬರು ಮತ ಹಾಕಿದ್ದು ಎದುರಾಳಿಗೆ. ಆಮೇಲೆ ಫೈಲ್ ಮುಚ್ಚಿದೆ. ಈಗ ಅವರು ಎದುರು ಸಿಕ್ಕರೆ ತಪ್ಪು ಮಾಡಿದವಳ ಹಾಗೆ ನಾನೇ ತಲೆ ತಗ್ಗಿಸುತ್ತೇನೆ.

ಇದನ್ನು ಸದಸ್ಯರಿಗೆ ಹೇಳಲೇ, ಸುಮ್ನೆ ಇರಲೇ? ಮುಂದಿನ ಸಲ ಚೀಟಿಗೇ ಹೋಗೋಣ ಅಂದರೆ ಕಮಿಟಿಯವರು ‘ಬ್ಯಾಂಕ್ ವ್ಯವಹಾರವೇ ಫೋನ್‌ನಲ್ಲಿ ಆಗುತ್ತೆ, ವೋಟ್ ಯಾಕಾಗಲ್ಲ?’ ಅಂತಾರೆ. ಅದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಉತ್ತರ 1

ಮೇಡಂ, ನಾನು ಸಾಫ್ಟ್‌ವೇರ್‌ನವನು. ಬ್ಯಾಂಕಿನ ಪ್ರಶ್ನೆಗೆ ಮೊದಲು ಉತ್ತರ. ಬ್ಯಾಂಕಿನಲ್ಲಿ ತಪ್ಪಾದರೆ ಸಿಕ್ಕಿಬೀಳುವುದು ಹೇಗೆ? ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಕಾಣುತ್ತದೆ. ಯಾರು, ಯಾರಿಗೆ, ಎಷ್ಟು, ಯಾವಾಗ, ಎಲ್ಲ ಬರೆದಿಟ್ಟಿರುತ್ತಾರೆ. ವೋಟಿನಲ್ಲಿ ಅದನ್ನೇ ಬರೆದಿಡುವಂತಿಲ್ಲ. ಬರೆದಿಟ್ಟರೆ ನಿಮಗಾದ ಗತಿ. ಬರೆದಿಡದಿದ್ದರೆ ಸೋತವರಿಗೆ ತೋರಿಸಲು ಏನೂ ಇಲ್ಲ. ನಿಮ್ಮ ಕಂಪನಿ ಎರಡೂ ಕಡೆ ಕೆಟ್ಟಿತು ನೋಡಿ, ಗುಟ್ಟೂ ಉಳಿಯಲಿಲ್ಲ, ಪುರಾವೆಯೂ ಸಿಗಲಿಲ್ಲ.

ಮತದ ಪಕ್ಕ ಸಮಯ ಇಡಲೇಬಾರದು. ಬಂದ ಕ್ರಮವೂ ಉಳಿಯದ ಹಾಗೆ ಕಲೆಸಿಬಿಡಬೇಕು. ಸರಿಯಾಗಿ ಕಲೆಸಿದ್ದೇವೆ, ಒಂದೂ ಮತ ಬದಲಾಗಿಲ್ಲ ಅಂತ ಗಣಿತದಲ್ಲೇ ಸಾಬೀತು ಮಾಡುವ ದಾರಿಗಳಿವೆ. ಅದೂ ಸುಲಭವಲ್ಲ. ಸ್ವಿಟ್ಜರ್‌ಲೆಂಡ್‌ನ ಅಂಚೆ ಸಂಸ್ಥೆ ಅಂಥ ವ್ಯವಸ್ಥೆ ಕಟ್ಟಿತ್ತು. 2019ರಲ್ಲಿ ಹೊರಗಿನವರು ಕೋಡ್ ನೋಡಿದಾಗ ಆ ಸಾಬೀತಿನ ಭಾಗದಲ್ಲೇ ದೋಷ ಸಿಕ್ಕಿತು. ಒಳಗಿನವರು ಮನಸ್ಸು ಮಾಡಿದರೆ ಮತ ಬದಲಿಸಿಯೂ ‘ಎಲ್ಲ ಸರಿಯಿದೆ’ ಅನ್ನುವ ಪುರಾವೆ ಕೊಡಬಹುದಿತ್ತು.

ಮೋಸವೇ ಆಗಬೇಕು ಅಂತಲೂ ಇಲ್ಲ. 2003ರಲ್ಲಿ ಬೆಲ್ಜಿಯಂನ ಸ್ಖಾರ್‌ಬೀಕ್‌ನಲ್ಲಿ ಮತದ ಕಂಪ್ಯೂಟರಿನ ಲೆಕ್ಕದಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಿಗೆ ಬಂತು. ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 4096. ಕಂಪ್ಯೂಟರ್ ಸಂಖ್ಯೆಗಳನ್ನು ಸೊನ್ನೆ, ಒಂದುಗಳಲ್ಲೇ ಬರೆದಿಡುತ್ತದೆ, ಅಂಥ ಒಂದೊಂದು ಅಂಕಿಗೆ ಬಿಟ್ ಅಂತಾರೆ. ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಾದರೆ ಸರಿಯಾಗಿ ಅಷ್ಟು ಹೆಚ್ಚಾಗುತ್ತದೆ. ಬರಲು ಸಾಧ್ಯವೇ ಇಲ್ಲದಷ್ಟು ಮತ ಬಂದಿದ್ದರಿಂದ ಗೊತ್ತಾಯಿತು. ಚಿಕ್ಕ ಬೆಲೆಯ ಬಿಟ್ ತಿರುಗಿ 8 ಮತ ಹೆಚ್ಚಾಗಿದ್ದರೆ ಯಾರ ಕಣ್ಣಿಗೆ ಬೀಳುತ್ತಿತ್ತು? ನಿಮ್ಮಲ್ಲಿ ಅಂತರ 7, ಅಲ್ವಾ?

ಸದ್ಯಕ್ಕೆ ಹೆಸರು ನೋಡಬೇಡಿ. ಎರಡೂ ಫೈಲಿನಲ್ಲಿ ಎಷ್ಟೆಷ್ಟು ಸಾಲು ಇವೆ ಅಂತ ಮಾತ್ರ ನೋಡಿ. ತಾಳೆಯಾದರೂ ಒತ್ತಿದ ಹೆಸರೇ ದಾಖಲಾಯಿತು ಅಂತ ಅದರಿಂದ ತಿಳಿಯುವುದಿಲ್ಲ, ಅದು ಬೇರೆ ಮಾತು.

ಉತ್ತರ 2

ನಾನು ಕಂಪ್ಯೂಟರ್ ಅರಿಯೆ, ಎಣಿಕೆ ಮೇಜಿನಲ್ಲಿ ಕೂತು ಗೊತ್ತು. ಒಂದು ಸಲ ಗುರುತು ಸರಿಯಾಗಿ ಎರಡು ಹೆಸರಿನ ನಡುವಿನ ಗೆರೆಯ ಮೇಲೆ ಬಿದ್ದಿತ್ತು. ಚೀಟಿ ಎತ್ತಿ ಹಿಡಿದೆ. ಎರಡೂ ಕಡೆಯ ಏಜೆಂಟರು ಕತ್ತು ಚಾಚಿದರು, ಕನ್ನಡಕ ಒರೆಸಿಕೊಂಡರು, ಬೆಳಕಿಗೆ ಹಿಡಿಯಿರಿ ಅಂದರು. ಹತ್ತು ನಿಮಿಷ ವಾದ. ಕೊನೆಗೆ ಇಬ್ಬರೂ ಒಪ್ಪಿ ತಿರಸ್ಕೃತ ಅಂತ ಸಹಿ ಹಾಕಿದರು. ಆ ಚುನಾವಣೆ ಸೋತವರು ಮತ್ತೆ ಒಂದು ಮಾತೂ ಎತ್ತಲಿಲ್ಲ. ಯಾಕೆಂದರೆ ನೋಡಿದ್ದು ಅವರದೇ ಕಣ್ಣು.

ಚೀಟಿಯಲ್ಲಿ ಮೋಸ ಇಲ್ಲ ಅಂತಲ್ಲ. ಡಬ್ಬ ಬದಲಾಯಿಸಲು ನಾಲ್ಕು ಕೈ ಬೇಕು, ನಾಲ್ಕು ಬಾಯಿ ಮುಚ್ಚಿಸಬೇಕು, ಅಷ್ಟೇ ವ್ಯತ್ಯಾಸ. ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರಲ್ಲಿ ಅಲ್ಲಿನ ಮತಯಂತ್ರಗಳ ಬಳಕೆ ಸಂವಿಧಾನಕ್ಕೆ ವಿರುದ್ಧ ಅಂದಿತು. ಯಂತ್ರದಲ್ಲಿ ಮೋಸ ಸಿಕ್ಕಿತ್ತು ಅಂತಲ್ಲ. ವಿಶೇಷ ತಾಂತ್ರಿಕ ಜ್ಞಾನ ಇಲ್ಲದ ನಾಗರಿಕನೂ ಮುಖ್ಯ ಹಂತಗಳನ್ನು ಪರೀಕ್ಷಿಸಲು ಆಗಬೇಕು, ಈ ಯಂತ್ರದಲ್ಲಿ ಆಗುವುದಿಲ್ಲ ಅಂತ.

‘ಹಾಗಾದರೆ ಇವಿಎಂ?’ ಅಂತ ಯಾರಾದರೂ ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ಇಂಟರ್ನೆಟ್ ಇಲ್ಲ. ಮರೆಯಲ್ಲಿ ನಿಂತು ಒಬ್ಬರೇ ಒತ್ತಬೇಕು. ಯಾರಿಗೆ ಒತ್ತಿದಿರಿ ಅಂತ ತೋರಿಸುವ ವಿವಿಪ್ಯಾಟ್ ಚೀಟಿ 7 ಸೆಕೆಂಡು ಕಂಡು ಡಬ್ಬಕ್ಕೆ ಬೀಳುತ್ತದೆ. ಅಲ್ಲಿಯ ಜಗಳ ಎಷ್ಟು ಚೀಟಿ ಎಣಿಸಬೇಕು ಅನ್ನುವುದು. ಇವರ ಹತ್ತಿರ ಚೀಟಿಯೇ ಇಲ್ಲ.

ಉತ್ತರ 3

ಎಲ್ಲರೂ ಚೀಟಿಯನ್ನು ಹೊಗಳುತ್ತಿದ್ದೀರಿ. ನನಗೆ ಕಣ್ಣು ಕಾಣುವುದಿಲ್ಲ. ನಾನಿರುವ ಸಂಘದಲ್ಲಿ 20 ವರ್ಷ ನನ್ನ ಮತಕ್ಕೆ ಗುರುತು ಹಾಕಿದ್ದು ಬೇರೆಯವರ ಕೈ. ಒಂದು ಸಲ ಸಹಾಯಕ್ಕೆ ಬಂದವರು ‘ಇವರಿಗಾ? ಸರಿಯಾಗಿ ಯೋಚನೆ ಮಾಡಿದ್ದೀರಾ?’ ಅಂತ ಕೇಳಿದ್ದರು. ಅವರು ನಾನು ಹೇಳಿದ ಕಡೆಯೇ ಹಾಕಿದರಾ? ಇವತ್ತಿಗೂ ಗೊತ್ತಿಲ್ಲ. ಗುಟ್ಟು ಗುಟ್ಟು ಅಂತೀರಲ್ಲ, ಚೀಟಿಯಲ್ಲಿ ನನಗೆ ಗುಟ್ಟು ಯಾವಾಗ ಇತ್ತು? ಆ್ಯಪ್ ಬಂದ ಮೇಲೆ ಫೋನ್ ಹೆಸರುಗಳನ್ನು ಓದಿ ಹೇಳಿತು. ಕೋಣೆಯ ಬಾಗಿಲು ಹಾಕಿಕೊಂಡು ನಾನೇ ಒತ್ತಿದೆ.

ಉತ್ತರ 4

ಮೇಲಿನ ಸರ್ ಹೇಳಿದ್ದು ನಿಜ. ಆದರೆ ಬಾಗಿಲು ಹಾಕಿಕೊಳ್ಳಲು ಎಲ್ಲರಿಗೂ ಬಿಡುವುದಿಲ್ಲ. ನಮ್ಮ ಮನೆಯಲ್ಲೇ ಹಿರಿಯರೊಬ್ಬರು ನಾಲ್ಕು ಫೋನ್ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ‘ಒಟಿಪಿ ಬಂತಾ, ಹೇಳು’ ಅಂತ ನಾಲ್ಕೂ ಮತ ಹಾಕಿ ಮುಗಿಸಿದರು. ಆ್ಯಪ್ ಲೆಕ್ಕದಲ್ಲಿ ನೂರಕ್ಕೆ ನೂರು ಮತದಾನ! ಎಸ್ಟೋನಿಯಾದಲ್ಲಿ 2005ರಿಂದ ಇಂಟರ್ನೆಟ್ ಮತದಾನ ಇದೆ. ಅಲ್ಲಿ ಎಷ್ಟು ಸಲ ಬೇಕಾದರೂ ಮತ ಬದಲಿಸಬಹುದು, ಕೊನೆಯದ್ದೇ ಲೆಕ್ಕಕ್ಕೆ. ಕಾಗದದ ಮತ ಹಾಕಿದರೆ ಆನ್‌ಲೈನ್‌ನದು ರದ್ದು. ಒತ್ತಾಯಕ್ಕೆ ಸಿಕ್ಕಿದವರು ಆಮೇಲೆ ಸದ್ದಿಲ್ಲದೆ ಬದಲಿಸಿಕೊಳ್ಳಲಿ ಅಂತ. ನನ್ನ ಫೋನ್ ನನ್ನ ಕೈಗೆ ವಾಪಸ್ ಬಂದದ್ದು ಮತದಾನ ಮುಗಿದ ಮೇಲೆ, ಆ ಮಾತು ಬಿಡಿ.

ಪ್ರಶ್ನೆ ಕೇಳಿದವಳು, ಮೂರು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಸಾಲುಗಳು ತಾಳೆಯಾದವು, 387ಕ್ಕೆ 387. ಸೋತವರಿಗೆ ಅದನ್ನೇ ಹೇಳಿದೆ, ಇದಕ್ಕಿಂತ ಹೆಚ್ಚು ತೋರಿಸಲು ನನ್ನಲ್ಲಿ ಏನೂ ಇಲ್ಲ ಅಂತಲೂ ಹೇಳಿದೆ. ನನ್ನ ಹತ್ತಿರ ಇದ್ದ ಎರಡು ಫೈಲನ್ನೂ ಇಬ್ಬರು ಅಭ್ಯರ್ಥಿಗಳ ಮುಂದೆ ಅಳಿಸಿದೆ. ಕಂಪನಿಯವರು ತಾವೂ ಅಳಿಸಿದ್ದೇವೆ ಅಂತ ಮೇಲ್ ಮಾಡಿದ್ದಾರೆ. ನಂಬಬೇಕು, ಬೇರೆ ದಾರಿ ಇಲ್ಲ.

ಮುಂದಿನ ಸಲ ಚೀಟಿ, ಡಬ್ಬ. ಕಣ್ಣು ಕಾಣದವರಿಗೆ ಮರೆಯಲ್ಲಿ ಒಂದು ಲ್ಯಾಪ್‌ಟಾಪ್, ಹೆಡ್‌ಫೋನ್. ಅದು ಹೆಸರು ಓದುತ್ತದೆ, ಅವರು ಆರಿಸಿದ್ದನ್ನು ಎಲ್ಲರ ಚೀಟಿಯಂಥದ್ದೇ ಚೀಟಿಯ ಮೇಲೆ ಪ್ರಿಂಟ್ ಮಾಡುತ್ತದೆ. ಮಡಚಿ ಅದೇ ಡಬ್ಬಕ್ಕೆ ಹಾಕುವುದು. ಲ್ಯಾಪ್‌ಟಾಪ್ ಏನನ್ನೂ ಎಣಿಸುವುದೂ ಇಲ್ಲ, ಉಳಿಸಿಕೊಳ್ಳುವುದೂ ಇಲ್ಲ. ದೂರ ಇರುವವರಿಗೆ ಏನು ಮಾಡುವುದು ಅಂತ ಇನ್ನೂ ಜಗಳ ನಡೆದಿದೆ.

ಸದಸ್ಯರ ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ, ಯಾರದು ನೋಡಿದೆ ಅನ್ನುವುದೊಂದು ಬಿಟ್ಟು. ಸಭೆ ಮುಗಿದ ಮೇಲೆ ಮೂವರು ಬೇರೆಬೇರೆಯಾಗಿ ಬಂದು ‘ನನ್ನದು ನೋಡಿದಿರಾ?’ ಅಂತ ಕೇಳಿದರು. ಮೂವರಿಗೂ ಇಲ್ಲ ಅಂದೆ. ಇಬ್ಬರಿಗೆ ಹೇಳಿದ್ದು ನಿಜ.